ಹಿಮೋಗ್ಲೋಬಿನ್ 7.1 ಇದೆ, ಡಾಕ್ಟರ್ ಅನೀಮಿಯಾ ಅಂತ ಬರೆದಿಲ್ಲ. ಕೋಡ್ ಹಾಕಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ಬೆಂಗಳೂರಿನಲ್ಲಿ ಅಮೆರಿಕದ ಇನ್‌ಪೇಷಂಟ್ ಚಾರ್ಟ್‌ಗಳ ಕೋಡಿಂಗ್‌ಗೆ, ಅಂದರೆ ಡಾಕ್ಟರ್ ಬರೆದ ರೋಗಗಳಿಗೆ ಬಿಲ್ಲಿಗಾಗಿ ಕೋಡ್ ಹಾಕುವ ಕೆಲಸಕ್ಕೆ, ಹೊಸದಾಗಿ ಸೇರಿದ್ದೇನೆ. ಸೊಂಟದ ಕೀಲು ಬದಲಿಸಿದ ಕೇಸು ಒಂದು ಬಂದಿದೆ. ಆಪರೇಷನ್‌ಗೆ ಮೊದಲು ಹಿಮೋಗ್ಲೋಬಿನ್ 13.2, ಆದ ಎರಡನೇ ದಿನ 7.1. ಪ್ರೋಗ್ರೆಸ್ ನೋಟ್‌ನಲ್ಲಿ ಇರುವುದು ಇಷ್ಟೇ: ‘ಹಿಮೋಗ್ಲೋಬಿನ್ ಇಳಿದಿದೆ. ಎರಡು ಯೂನಿಟ್ ರಕ್ತ ಕೊಡಿ. ಬೆಳಿಗ್ಗೆ ಮತ್ತೆ ಸಿಬಿಸಿ (ರಕ್ತಕಣಗಳ ಎಣಿಕೆ).’ ಅನೀಮಿಯಾ ಅನ್ನುವ ಪದ ಡಿಸ್ಚಾರ್ಜ್ ಸಮರಿಯಲ್ಲೂ ಇಲ್ಲ. ರಕ್ತ ಕೊಟ್ಟ ಮೇಲೆ ಡಿ62 ಹಾಕಲು ಏನಡ್ಡಿ ಅಂತಾರೆ ಪಕ್ಕದ ಸೀಟಿನವರು. ಲ್ಯಾಬ್ ರಿಪೋರ್ಟ್ ಕಡೆ ತಿರುಗಿಯೂ ನೋಡಬೇಡ ಅಂತಾರೆ ಟ್ರೈನರ್. ಚಾರ್ಟ್ ಹೋಲ್ಡ್‌ನಲ್ಲಿದೆ, ಯಾರ ಮಾತು ಕೇಳಲಿ?

ಉತ್ತರ: ಹೋಲ್ಡ್‌ನಲ್ಲಿಟ್ಟಿದ್ದು ಒಳ್ಳೆಯದಾಯಿತು. ಡಿ62 ಅಂದರೆ ರಕ್ತ ಹೋಗಿ ದಿಢೀರನೆ ಬಂದ ಅನೀಮಿಯಾ. ಅದೊಂದು ರೋಗನಿರ್ಣಯ, ಡಾಕ್ಟರ್ ಕೈಯಿಂದಲೇ ಬರಬೇಕು. ನಿಮಗೆ ಬಯೋಕೆಮಿಸ್ಟ್ರಿ ಗೊತ್ತಿರಬಹುದು, 7.1 ನೋಡಿದ ಕೂಡಲೇ ಹೊಳೆಯಲೂಬಹುದು. ಆದರೂ ಸಂಖ್ಯೆಯಿಂದ ರೋಗದ ಹೆಸರಿಗೆ ಹಾರುವ ಅಧಿಕಾರ ಕೋಡರ್‌ಗಿಲ್ಲ.

ಐಸಿಡಿ-10-ಸಿಎಂ (ಅಮೆರಿಕದಲ್ಲಿ ಬಳಸುವ ರೋಗಗಳ ಕೋಡ್ ಪಟ್ಟಿ) ಮಾರ್ಗಸೂಚಿಯ ಸೆಕ್ಷನ್ 3ರ ‘ಬಿ’ ಭಾಗ ಇದನ್ನೇ ಹೇಳುತ್ತದೆ: ಡಾಕ್ಟರ್ ಮಹತ್ವ ತೋರಿಸದ ಹೊರತು ಅಸಹಜ ಫಲಿತಾಂಶಗಳಿಗೆ ಕೋಡ್ ಹಾಕುವಂತಿಲ್ಲ. ಹೆಚ್ಚಿನವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ, ನಿಮ್ಮ ಟ್ರೈನರ್ ಕೂಡ ಇರಬೇಕು. ಮುಂದಿನ ಮಾತು ಹೀಗಿದೆ: ಫಲಿತಾಂಶ ಮಿತಿ ಮೀರಿದ್ದು, ಡಾಕ್ಟರ್ ಅದಕ್ಕಾಗಿ ಬೇರೆ ಪರೀಕ್ಷೆ ಬರೆದಿದ್ದರೆ ಅಥವಾ ಚಿಕಿತ್ಸೆ ಕೊಟ್ಟಿದ್ದರೆ, ಅವರನ್ನು ಕೇಳುವುದು ಸರಿ. ನಿಮ್ಮ ಕೇಸಿನಲ್ಲಿ ರಕ್ತವನ್ನೂ ಕೊಟ್ಟಿದ್ದಾರೆ, ಮರುಪರೀಕ್ಷೆಯನ್ನೂ ಬರೆದಿದ್ದಾರೆ. ಕ್ವೆರಿ, ಅಂದರೆ ಡಾಕ್ಟರ್‌ಗೆ ಬರೆದು ಕೇಳುವ ಪ್ರಶ್ನೆ ಕಳಿಸಲು ಇದಕ್ಕಿಂತ ಚೆನ್ನಾದ ಕೇಸು ಸಿಗುವುದಿಲ್ಲ. ಅಂದರೆ ಲ್ಯಾಬ್ ರಿಪೋರ್ಟ್ ನೋಡಲೇಬೇಕು. ಕೋಡ್ ಹಾಕುವುದಕ್ಕಲ್ಲ, ಏನು ಕೇಳಬೇಕು ಅಂತ ತಿಳಿಯುವುದಕ್ಕೆ.

ಕ್ವೆರಿ ಹೇಗೆ ಬರೆಯುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ‘ದಯವಿಟ್ಟು ಅಕ್ಯೂಟ್ ಬ್ಲಡ್ ಲಾಸ್ ಅನೀಮಿಯಾ ಅಂತ ಸೇರಿಸಿ’ ಅಂತ ಕಳಿಸಿದರೆ ಅದು ಉತ್ತರವನ್ನು ಬಾಯಿಗೆ ತುರುಕಿದ ಹಾಗೆ. ಮೊದಲು ಚಾರ್ಟ್‌ನಲ್ಲಿರುವುದನ್ನು ಮಾತ್ರ ಬರೆಯಿರಿ: 13.2 ಇದ್ದದ್ದು 7.1ಕ್ಕೆ ಇಳಿದದ್ದು, ಆಪರೇಷನ್ ನೋಟ್‌ನಲ್ಲಿರುವ ರಕ್ತಸ್ರಾವದ ಅಂದಾಜು, ಎರಡು ಯೂನಿಟ್, ಮರುಪರೀಕ್ಷೆ. ಆಮೇಲೆ ‘ರಕ್ತ ಕೊಟ್ಟದ್ದು ಯಾವ ಸ್ಥಿತಿಗೆ ಎಂದು ದಾಖಲಿಸಿ’ ಅಂತ ಕೇಳಿ ಆಯ್ಕೆಗಳನ್ನು ಕೊಡಿ: ರಕ್ತನಷ್ಟದಿಂದಾದ ಅಕ್ಯೂಟ್ ಅನೀಮಿಯಾ, ಐವಿ ದ್ರವದಿಂದ ರಕ್ತ ತೆಳುವಾಗಿ ಕಂಡ ಇಳಿಕೆ, ಬೇರೆ ಏನಾದರೂ, ಹೇಳಲು ಸಾಧ್ಯವಿಲ್ಲ. ಕೊನೆಯ ಎರಡು ಬಿಡಲೇಬೇಡಿ. ಡಿ62 ಒಂದು ಸಿಸಿ ಕೋಡ್ (ಮುಖ್ಯ ಕಾಯಿಲೆಯ ಜೊತೆಗಿರುವ ತೊಡಕಿನ ಕೋಡ್), ಕೆಲವು ಕೇಸುಗಳಲ್ಲಿ ಆಸ್ಪತ್ರೆಗೆ ಬರುವ ಹಣವೇ ಅದರಿಂದ ಬದಲಾಗುತ್ತದೆ. ವಿಮೆಯವರ ಆಡಿಟರ್ ಕಣ್ಣು ಇಂಥಲ್ಲೇ ಬೀಳುವುದು. ಆ ಹಣದ ಸುದ್ದಿ ಮಾತ್ರ ಕ್ವೆರಿಯಲ್ಲಿ ಎಲ್ಲೂ ಬರಕೂಡದು.

ಡಾಕ್ಟರ್ ಉತ್ತರ ಕೊಡದಿದ್ದರೂ ನೀವು ಬರಿಗೈಯಲ್ಲಿ ಇಲ್ಲ. ‘ಹಿಮೋಗ್ಲೋಬಿನ್ ಇಳಿದಿದೆ’ ಅಂತ ಅವರೇ ಬರೆದು ಚಿಕಿತ್ಸೆ ಕೊಟ್ಟಿದ್ದಾರಲ್ಲ, ಕೋಡ್‌ಗಳ ಇಂಡೆಕ್ಸ್‌ನಲ್ಲಿ ಆ ಇಳಿಕೆಗೆ ಆರ್71.0 ಇದೆ. ಡಿ62 ಹಾಕಬೇಕೋ ಬೇಡವೋ ಅಂತ ಜಗಳವಾಡುವವರು ಇದನ್ನು ಮರೆತೇಬಿಡುತ್ತಾರೆ.

ಇನ್ನೊಬ್ಬರು: ಮೇಡಂ, ಸೋಡಿಯಂ ಪಕ್ಕ ಕೆಳಮುಖ ಬಾಣ ಹಾಕಿ 128 ಅಂತ ಬರೆದು ನೀರು ಕಡಿಮೆ ಕೊಡಲು ಹೇಳಿದ್ದಾರೆ. ಇ87.1 ಹಾಕಲೇ?

ಉತ್ತರ: ಬೇಡ. ಬಾಣ ರೋಗದ ಹೆಸರಲ್ಲ. ಚಿಕಿತ್ಸೆ ಇರುವುದರಿಂದ ಕ್ವೆರಿ ಕಳಿಸಿ. ‘ಹೈಪೊನಾಟ್ರೀಮಿಯಾ’ (ರಕ್ತದಲ್ಲಿ ಸೋಡಿಯಂ ಕೊರತೆ) ಅಂತ ಡಾಕ್ಟರ್ ಬರೆದ ದಿನ ಇ87.1.

ಮತ್ತೊಂದು ಪ್ರಶ್ನೆ: ನಾನು ಔಟ್‌ಪೇಷಂಟ್ ಕೆಲಸದಲ್ಲಿದ್ದೇನೆ. ‘ಎಲ್‌ಎಫ್‌ಟಿ (ಯಕೃತ್ತಿನ ಪರೀಕ್ಷೆ) ಹೆಚ್ಚಿದೆ’ ಅಂತ ಡಾಕ್ಟರ್ ಬರೆದಿದ್ದಾರೆ, ರಿಪೋರ್ಟ್‌ನಲ್ಲಿ ಏರಿರುವುದು ಎಎಲ್‌ಟಿ, ಎಎಸ್‌ಟಿ ಎಂಬ ಟ್ರಾನ್ಸಮಿನೇಸ್ ಕಿಣ್ವಗಳು ಮಾತ್ರ. ಇನ್ನೊಂದು ಚಾರ್ಟ್‌ನಲ್ಲಿ ‘ಎಚ್‌ಬಿಎ1ಸಿ (ಕೆಲವು ತಿಂಗಳ ಸರಾಸರಿ ಸಕ್ಕರೆ) 6.1, ಪ್ರಿಡಯಾಬಿಟಿಸ್ ಇರಬಹುದು’ ಅಂತಿದೆ.

ಉತ್ತರ: ಮೊದಲನೆಯದಕ್ಕೆ ಆರ್79.89. ಟ್ರಾನ್ಸಮಿನೇಸ್ ಹೆಚ್ಚಿದೆ ಅಂತ ಡಾಕ್ಟರೇ ಹೇಳಿದ್ದರೆ ಆರ್74.01 ಆಗುತ್ತಿತ್ತು; ಆ ಕೋಡ್ ಜಾರಿಗೆ ಬಂದದ್ದು 2020ರ ಅಕ್ಟೋಬರ್ 1ರಿಂದ. ಬಿಲಿರುಬಿನ್ ಆದರೆ ಆರ್17, ಆಲ್ಕಲೈನ್ ಫಾಸ್ಫಟೇಸ್ ಆದರೆ ಆರ್74.8. ರಿಪೋರ್ಟ್ ನೋಡಿ ನೀವೇ ಆರಿಸಿಕೊಳ್ಳಬೇಡಿ.

ಎರಡನೆಯದರಲ್ಲಿ ‘ಇರಬಹುದು’ ಅನ್ನುವ ಪದವೇ ಅಡ್ಡ. ಔಟ್‌ಪೇಷಂಟ್‌ನಲ್ಲಿ ಶಂಕೆಗೆ ಕೋಡ್ ಇಲ್ಲ, ಹಾಗಾಗಿ ಪ್ರಿಡಯಾಬಿಟಿಸ್ ಕೋಡ್ ಆರ್73.03 ಬರುವುದಿಲ್ಲ. ಎಚ್‌ಬಿಎ1ಸಿ ಅಸಹಜ ಅಂತ ಡಾಕ್ಟರ್ ಗುರುತಿಸಿದ್ದರೆ ಆರ್73.09. ಇನ್‌ಪೇಷಂಟ್‌ನಲ್ಲಿ ಡಿಸ್ಚಾರ್ಜ್ ಹೊತ್ತಿಗೂ ಶಂಕೆ ಹಾಗೇ ಉಳಿದಿದ್ದರೆ ಇದೆ ಅಂತಲೇ ಕೋಡ್ ಮಾಡುತ್ತೇವೆ, ಔಟ್‌ಪೇಷಂಟ್ ನಿಯಮ ಅದಕ್ಕೆ ತದ್ವಿರುದ್ಧ. ಎರಡೂ ಕಡೆ ಕೆಲಸ ಮಾಡುವವರು ಎಡವುವುದು ಇಲ್ಲೇ.

ಕೊನೆಯ ಪ್ರಶ್ನೆ: ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ತೆಗೆದುಕೊಳ್ಳುವವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 2.5, ಲ್ಯಾಬ್‌ನವರು ಪಕ್ಕದಲ್ಲಿ ‘ಹೆಚ್ಚು’ ಅಂತ ಗುರುತು ಹಾಕಿದ್ದಾರೆ. ಹೆಪ್ಪುಗಟ್ಟುವಿಕೆಯ ಫಲಿತಾಂಶ ಅಸಹಜ ಅನ್ನುವ ಆರ್79.1 ತಾನೇ?

ಉತ್ತರ: ಅಲ್ಲ. ಲ್ಯಾಬ್ ಯಂತ್ರಕ್ಕೆ ರೋಗಿ ವಾರ್ಫರಿನ್ ಮೇಲಿದ್ದಾರೆ ಅಂತ ಗೊತ್ತಿಲ್ಲ, ಸಾಮಾನ್ಯರ ಮಿತಿಗೆ ಹೋಲಿಸಿ ಗುರುತು ಹಾಕುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯ ಬಡಿತದ ಏರುಪೇರು) ಇರುವವರಿಗೆ ಡಾಕ್ಟರ್ ಬಯಸುವುದೇ 2ರಿಂದ 3. ಬರೀ ತಪಾಸಣೆಗೆ ಬಂದಿದ್ದರೆ ಝಡ್51.81 (ಔಷಧದ ಮಟ್ಟದ ತಪಾಸಣೆ), ಜೊತೆಗೆ ಝಡ್79.01 (ಹೆಪ್ಪುತಡೆ ಔಷಧದ ದೀರ್ಘಕಾಲದ ಬಳಕೆ). ಐಎನ್‌ಆರ್ 5 ದಾಟಿ, ರಕ್ತಸ್ರಾವವಿಲ್ಲದೆ, ಸರಿಯಾಗಿ ನುಂಗಿದ ಔಷಧದಿಂದಲೇ ಹೀಗಾಗಿದೆ ಅಂತ ಡಾಕ್ಟರ್ ಬರೆದಿದ್ದರೆ ಆಗ ಆರ್79.1, ಜೊತೆಗೆ ಟಿ45.515ಎ (ಹೆಪ್ಪುತಡೆ ಔಷಧದ ಅಡ್ಡಪರಿಣಾಮ). ವಾರ್ಫರಿನ್‌ನಿಂದಲೇ ರಕ್ತಸ್ರಾವ ಅಂತ ಬರೆದಿದ್ದರೆ ಆರ್79.1 ಬಿಟ್ಟು ಡಿ68.32 (ಹೆಪ್ಪುತಡೆ ಔಷಧದಿಂದಾದ ರಕ್ತಸ್ರಾವ) ನೋಡಿ.