ಜೀವನಾಂಶ ‘ಮಾರ್ಪಾಡು’: ಏರಿಕೆಯೋ ಇಳಿಕೆಯೋ?

ಬಲ್ಲವರಲ್ಲಿ ‘ಮಾರ್ಪಾಡು’ ಎಂಬ ಒಂದು ಪದದ ಬಗ್ಗೆ ಕೇಳುವುದಿದೆ. ಕಲಬುರಗಿಯಲ್ಲಿ ವಕೀಲರೊಬ್ಬರ ಹತ್ತಿರ ಟೈಪಿಂಗ್ ಕೆಲಸ ನನ್ನದು.

ಹೋದ ವಾರ ಆಳಂದ ಕಡೆಯ ಹೆಣ್ಣುಮಗಳೊಬ್ಬರು ಕೋರ್ಟಿನಿಂದ ಬಂದ ನೋಟಿಸು ಹಿಡಿದುಕೊಂಡು ಬಂದರು. ಮುಖದಲ್ಲಿ ಗೆಲುವಿತ್ತು. “ನೋಡ್ರಿ ಅಣ್ಣಾ, ಜೀವನಾಂಶ ಮಾರ್ಪಾಡು ಮಾಡ್ರಿ ಅಂತ ಅವರೇ ಬರ್ದಾರ. ಪೋರ ಎಂಟನೇತ್ತಿಗಿ ಬಂದಾನ, ಈಗರೆ ಬುದ್ಧಿ ಬಂತು.” ಒಳಗೆ ಓದಿದರೆ ಗಂಡ ದಾಲ್ ಮಿಲ್ ಕೆಲಸ ಹೋಯಿತೆಂದು 3,000 ರೂಪಾಯಿಯನ್ನು 1,500ಕ್ಕೆ ಇಳಿಸಲು ಕೇಳಿದ್ದ. ಅದನ್ನು ಅವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ತಮಾಷೆಯೆಂದರೆ, ಅವರು ಹೆಚ್ಚು ಕೊಡಿಸಿ ಎಂದು ಹಾಕುವ ಅರ್ಜಿಯೂ ಅದೇ ಕಲಮಿನಡಿ ಬರುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 127. 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 146. ಕೊಡುವವರದಾಗಲಿ ಪಡೆಯುವವರದಾಗಲಿ ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿಕೊಟ್ಟರೆ ಮೊತ್ತವನ್ನು ಏರಿಸಲೂಬಹುದು, ಇಳಿಸಲೂಬಹುದು. ನಾವು ಎರಡಕ್ಕೂ ‘ಮಾರ್ಪಾಡು ಕೋರಿ’ ಎಂದೇ ತಲೆಬರಹ ಹಾಕುತ್ತೇವೆ.

‘ಹೆಚ್ಚುಕಮ್ಮಿ ಮಾಡಲು ಕೋರಿ’ ಅಂತ ಟೈಪ್ ಮಾಡಿ ನೋಡಿದೆ. ನಮ್ಮ ಹಿರಿಯ ಗುಮಾಸ್ತರು ಬಿದ್ದು ಬಿದ್ದು ನಕ್ಕರು. “ಹೆಚ್ಚುಕಮ್ಮಿ ಆತು ಅಂದ್ರ ಏನೋ ಅನಾಹುತ ಆಗ್ಯದ ಅಂತ ತಿಳೀತಾರಪಾ ಜಡ್ಜ್ ಸಾಹೇಬ್ರು!” ಅದೂ ಹೋಯಿತು.

‘ಪರಿಸ್ಥಿತಿ’ಯದೂ ಇದೇ ಗೋಳು. ನಮ್ಮ ಕಡೆ “ಅವರ ಪರಿಸ್ಥಿತಿ ಗೊತ್ತದಲ್ಲ” ಅಂದರೆ ಬಡತನ, ಸಾಲ, ಕಾಯಿಲೆ ಎಂದೇ ಅರ್ಥ. ಗಂಡನ ಪಗಾರ ಏರಿದ್ದು, ಮಗ ಹೈಸ್ಕೂಲಿಗೆ ಬಂದದ್ದು ಕೂಡ ‘ಬದಲಾದ ಪರಿಸ್ಥಿತಿ’ ಎಂದರೆ ಕಕ್ಷಿದಾರರು ಪಿಳಿಪಿಳಿ ನೋಡುತ್ತಾರೆ.

ಮೂಲ ಪದಗಳ ಕಡೆ ತಿರುಗಿದರೆ ಇನ್ನೂ ಸ್ವಾರಸ್ಯವಿದೆ. ಜೀವನಾಂಶದಲ್ಲಿ ಇರುವುದು ಅಂಶ, ಅಂದರೆ ಪಾಲು. ಗಳಿಕೆ ಕುಗ್ಗಿದರೆ ಪಾಲೂ ಕುಗ್ಗಬೇಕು ಎಂಬ ಗಂಡನ ವಾದ ಆ ಪದದಲ್ಲೇ ಕೂತಂತಿದೆ. ಜೀವನಾಂಶಕ್ಕೇ ಇರುವ ಇನ್ನೊಂದು ಪದ, ಮರಾಠಿಯಿಂದ ಬಂದ ‘ಪೋಟಗಿ’ಯಲ್ಲಿ ಇರುವುದು ಪೋಟ, ಅಂದರೆ ಹೊಟ್ಟೆ. ಹುಡುಗ ಬೆಳೆದಂತೆ ಹೊಟ್ಟೆಯೂ ಬೆಳೆಯುತ್ತದಲ್ಲ, ಅದು ತಾಯಿಯ ವಾದ. ಅದಕ್ಕೇ ಉರ್ದುವಿನಲ್ಲಿರುವ ‘ನಫಕಾ’ ಅಂದರೆ ಖರ್ಚು. ನಿಜಾಮರ ಕಾಲದಲ್ಲಿ ಇಲ್ಲಿ ಕಚೇರಿಯ ಭಾಷೆ ಉರ್ದುವೇ ಆಗಿತ್ತು. ವಕೀಲ, ಅರ್ಜಿ, ತಾರೀಖು ಉಳಿದವು, ನಫಕಾ ಮಾತ್ರ ಮುಸ್ಲಿಂ ಕಕ್ಷಿದಾರರ ಬಾಯಲ್ಲಷ್ಟೇ ನನ್ನ ಕಿವಿಗೆ ಬೀಳುತ್ತದೆ. ಕೋರ್ಟು ಪಾಲು, ಹೊಟ್ಟೆ ಎರಡನ್ನೂ ತೂಗುತ್ತದೆ. ಸುಪ್ರೀಂ ಕೋರ್ಟಿನ 2020ರ ರಜನೇಶ್–ನೇಹಾ ತೀರ್ಪಿನ ಮೇಲಂತೂ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು. ಕೆಲಸ ಹೋಯಿತು ಎಂದು ಬಾಯಲ್ಲಿ ಹೇಳಿದರೆ ನಡೆಯದು. ಹೊಸ ಆದೇಶ ಆಗುವವರೆಗೆ ಹಳೆಯ ಮೊತ್ತವೇ ಜಾರಿಯಲ್ಲಿರುತ್ತದೆ, ಕಟ್ಟದಿದ್ದರೆ ಬಾಕಿ ಬೆಳೆಯುತ್ತದೆ. ಆಕೆಗೆ ಸಮಾಧಾನವಾದದ್ದು ಈ ಕೊನೆಯ ಮಾತಿನಿಂದ.

ಆಕೆ ಹೊರಡುವಾಗ, ವಕೀಲರು ಮಾರ್ಪಾಡಿಗೆ ಇಂಗ್ಲಿಷಿನಲ್ಲಿ ‘ಅಲ್ಟರೇಷನ್’ ಅಂದದ್ದು ಆಕೆಯ ಕಿವಿಗೆ ಬಿತ್ತು. “ಅಲ್ಟರ್ ಅಂದ್ರ ಜಂಪರ್ ಮಾಡಸ್ತೀವಲ್ಲ, ಹಂಗೇನ್ರಿ? ಬಿಗಿ ಆದ್ರ ಸಡ್ಲ, ಸಡ್ಲ ಆದ್ರ ಬಿಗಿ?” ಹೌದವ್ವಾ, ಅದೇ ಅಂದೆ. ನಾನು ತಿಪ್ಪರಲಾಗ ಹಾಕಿದರೂ ತಿಳಿಸಲಾಗದ್ದು ದರ್ಜಿಯ ಪದದಿಂದ ತಿಳಿಯಿತು.

ಈಗ ನನ್ನ ಪ್ರಶ್ನೆ. ಏರಿಕೆ ಇಳಿಕೆ ಎರಡನ್ನೂ ಒಳಗೊಳ್ಳುವ, ಓದಿಲ್ಲದವರಿಗೂ ದಕ್ಕುವ ಒಂದು ಕನ್ನಡ ಪದ ಇದೆಯೇ? ಅಥವಾ ‘ಜೀವನಾಂಶ ಏರಿಸಲು’, ‘ಜೀವನಾಂಶ ಇಳಿಸಲು’ ಎಂದು ಬೇರೆ ಬೇರೆ ಬರೆಯುವುದೇ ಲೇಸೇ? ನನ್ನ ಒಲವು ಎರಡನೆಯದರ ಕಡೆಗೆ. ಮಹಾರಾಷ್ಟ್ರದ ಗಡಿಗೆ ಹತ್ತಿರದ ಭಾಲ್ಕಿ, ಔರಾದ್ ಕಡೆಯವರು ಯಾರಾದರೂ ಇದ್ದರೆ, ಅಲ್ಲಿನ ಕನ್ನಡದಲ್ಲಿ ‘ಪೋಟಗಿ’ ಈಗಲೂ ಬಳಕೆಯಲ್ಲಿದೆಯೇ ಎಂಬುದನ್ನೂ ತಿಳಿಸಿ.