ಕಣ್ಣಿನ ಪ್ರಶ್ನೋತ್ತರ: ಈ ವಾರ ಕಾರ್ನಿಯಾ

ಗುಂಪಿನ ನಿರ್ವಾಹಕರು, ದಾವಣಗೆರೆ: ನಮ್ಮ ನೇತ್ರತಜ್ಞರು ರಾತ್ರಿ ಎಂಟರಿಂದ ಉತ್ತರಿಸುತ್ತಾರೆ. ದಯವಿಟ್ಟು ಫಾರ್ವರ್ಡ್ ಸಂದೇಶ ಹಾಕಬೇಡಿ.

ವಿದ್ಯಾನಗರ: ನಮಸ್ಕಾರ ಡಾಕ್ಟರೇ. ಮಗನಿಗೆ 19. ಕನ್ನಡಕ ಬಿಡಿಸಲು ಲೇಸರ್ ಮಾಡಿಸಬಹುದೇ?

ವೈದ್ಯರು: ನಮಸ್ಕಾರ. ನಂಬರ್ ಒಂದು ವರ್ಷದಿಂದ ಬದಲಾಗಿರಬಾರದು, ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ತೆಳುವಾಗಿರಬಾರದು. ಕಣ್ಣು ಉಜ್ಜುವ ಚಟವಿದ್ದರೆ ಮೊದಲು ಬಿಡಿಸಿ. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕಾಯಿಲೆ ಈ ವಯಸ್ಸಿನವರಿಗೇ ಹೆಚ್ಚು.

ಮಂಡಕ್ಕಿ ಭಟ್ಟಿಯವರು: ಹೊಗೆಯಲ್ಲಿ ಕೆಲಸ. ಸಂಜೆಯಾದರೆ ಕಣ್ಣು ಉರಿ, ಮಂಜು. ಕಾರ್ನಿಯಾಕ್ಕೆ ಪೆಟ್ಟೇ?

ಜಗಳೂರು: ಸರ್, ಅಪ್ಪನಿಗೆ 62, ಸಕ್ಕರೆ ಕಾಯಿಲೆ ಇದೆ. ಮೆಕ್ಕೆಜೋಳದ ತೆನೆ ಮುರಿಯುವಾಗ ಗರಿ ಬಡಿದು ಒಂಬತ್ತು ದಿನವಾಯಿತು. ನಾಲಿಗೆಯಿಂದ ಕಸ ತೆಗೆಯುವ ಅಜ್ಜಿಯ ಹತ್ತಿರ ತೆಗೆಸಿದೆವು. ಔಷಧ ಅಂಗಡಿಯ ಹನಿಗೆ ಎರಡು ದಿನ ಕೆಂಪು ಇಳಿದಿತ್ತು. ಈಗ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಹೂವು ಬಿದ್ದಿದೆ ಎನ್ನುತ್ತಾರೆ.

ವೈದ್ಯರು: ಇದು ಹೂವಲ್ಲ, ಹುಣ್ಣು ಇರಬೇಕು. ಹೂವೆಂದರೆ ಹುಣ್ಣು ಮಾಗಿದ ಮೇಲೆ ಉಳಿಯುವ ಕಲೆ; ಅದು ನೋಯುವುದಿಲ್ಲ. ಗರಿ ಬಡಿದ ಗಾಯದಲ್ಲಿ ಶಿಲೀಂಧ್ರ ಬೆಳೆದಿರಬಹುದೆಂಬುದೇ ನನ್ನ ಆತಂಕ. ಅಜ್ಜಿಯ ನಾಲಿಗೆಯಿಂದ ಇನ್ನೇನು ಸೇರಿದೆಯೋ. ಎರಡು ದಿನ ಕೆಂಪು ಇಳಿಯಿತು ಎಂದಿರಲ್ಲ, ಅದೇ ನನಗೆ ಹಿಡಿಸಲಿಲ್ಲ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಎಂದಿದೆಯೇ ನೋಡಿ. ಅವು ಸ್ಟೆರಾಯ್ಡ್. ಕೆಂಪನ್ನು ಅಡಗಿಸುತ್ತವೆ, ಶಿಲೀಂಧ್ರಕ್ಕೆ ದಾರಿ ಬಿಡುತ್ತವೆ. ಕಾರ್ನಿಯಾದ ದಪ್ಪ ನಡುವೆ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು, ಅಷ್ಟೇ. ತೂತು ಬಿದ್ದರೆ ಕಣ್ಣೇ ಹೋಗಬಹುದು. ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಶಿಲೀಂಧ್ರವೇ ಆದರೆ ನಟಮೈಸಿನ್ ಹನಿಯನ್ನು ಮೊದಮೊದಲು ಗಂಟೆಗೊಮ್ಮೆ, ಒಟ್ಟು ವಾರಗಟ್ಟಲೆ ಹಾಕಬೇಕಾಗುತ್ತದೆ. ಕಲೆ ಅಂಚಿನಲ್ಲಿ ಉಳಿದರೆ ದೃಷ್ಟಿಗೆ ಅಷ್ಟು ತೊಂದರೆಯಿಲ್ಲ. ಪಾಪೆಯ ಎದುರಿಗೇ ಉಳಿದರೆ ಮಸಕು. ಕಣ್ಣಿಗೆ ಬಟ್ಟೆ ಕಟ್ಟಬೇಡಿ. ನಾಳೆ ಬೆಳಿಗ್ಗೆಯೇ ಕಣ್ಣಿನ ಆಸ್ಪತ್ರೆಗೆ ಕರೆತನ್ನಿ, ಬಾಟಲಿಯನ್ನೂ ತನ್ನಿ.

ಹೊನ್ನಾಳಿ: ಜಗಳೂರಿನ ಅಣ್ಣನವರೇ, ಇದನ್ನು ನೋಡಿ. ಫಾರ್ವರ್ಡ್: ಜೇನುತುಪ್ಪಕ್ಕೆ ನಂದಿಬಟ್ಟಲು ಹೂವಿನ ರಸ ಬೆರೆಸಿ ಮೂರು ಹನಿ, ಹೂವು ಕರಗುತ್ತದೆ.

ವೈದ್ಯರು: ಹಾಕಬೇಡಿ. ಎದೆಹಾಲು, ಹರಳೆಣ್ಣೆಯೂ ಬೇಡ.

ಹೊನ್ನಾಳಿ: ನಮ್ಮ ಅಜ್ಜ ಇದನ್ನೇ ಹಾಕುತ್ತಿದ್ದರು, ಎಂಬತ್ತರಲ್ಲೂ ಪತ್ರಿಕೆ ಓದುತ್ತಿದ್ದರು.

ಹರಿಹರ: ನಮ್ಮ ಅಜ್ಜನೂ ಹಾಕುತ್ತಿದ್ದ. ಪತ್ರಿಕೆಯನ್ನು ನಾವು ಓದಿ ಹೇಳುತ್ತಿದ್ದೆವು.

ಹೊನ್ನಾಳಿ: ಹಿರಿಯರ ಬಗ್ಗೆ ಏಕವಚನವೇ?

ಹರಿಹರ: ನನ್ನ ಅಜ್ಜ, ನನ್ನ ವಚನ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಚನ್ನಗಿರಿ: ಲೇಸರ್‌ನಿಂದ ಕನ್ನಡಕ ಹೋಗುತ್ತದೆಯೇ?

ವೈದ್ಯರು: ಮೇಲೆ ಓದಿ.

ಹರಿಹರ: ಕಲೆ ಉಳಿದರೆ ಇಡೀ ಕಣ್ಣನ್ನೇ ಬದಲಿಸುತ್ತಾರಲ್ಲವೇ ಸರ್?

ವೈದ್ಯರು: ಇಲ್ಲ, ಕಾರ್ನಿಯಾ ಮಾತ್ರ. 1905ರಿಂದ ಆ ಶಸ್ತ್ರಚಿಕಿತ್ಸೆ ಇದೆ. ಆದರೆ ಯಾರಾದರೂ ದಾನ ಮಾಡಿರಬೇಕು. ಸಾವಾದ ಆರು ಗಂಟೆಯೊಳಗೆ ತೆಗೆಯಬೇಕು. ದಾನ ಮಾಡಲು ಸಕ್ಕರೆ ಕಾಯಿಲೆ, ಪೊರೆಯ ಆಪರೇಷನ್ ಅಡ್ಡಿಯಲ್ಲ.

ಹೊನ್ನಾಳಿ: ದಾನ ಮಾಡಿದರೆ ಮುಂದಿನ ಜನ್ಮದಲ್ಲಿ...

ಹರಿಹರ: ಶುರುವಾಯಿತು.

ಚನ್ನಗಿರಿ: ಓದಿದೆ ಸರ್. ಖರ್ಚು ಎಷ್ಟು?

ಜಗಳೂರು: ಸರ್, ಬಾಟಲಿಯ ಅಕ್ಷರ ಅರ್ಧ ಅಳಿಸಿದೆ. ‘ಡೆಕ್ಸಾ’ ಎಂದಷ್ಟೇ ಕಾಣುತ್ತಿದೆ.

ವೈದ್ಯರು: ಸಾಕು. ಇನ್ನು ಅದರ ಒಂದು ಹನಿಯನ್ನೂ ಹಾಕಬೇಡಿ. ಮೊದಲ ಬಸ್ಸಿಗೆ ಹೊರಡಿ.

ಹೊನ್ನಾಳಿ: ಬಸ್ಸಿನವರೆಗೆ ಜೇನುತುಪ್ಪವಾದರೂ...

ವೈದ್ಯರು: ನಿರ್ವಾಹಕರೇ, ಇವರನ್ನು ತೆಗೆಯಿರಿ, ಇಲ್ಲವೇ ನನ್ನನ್ನು ತೆಗೆಯಿರಿ.

ಮಂಡಕ್ಕಿ ಭಟ್ಟಿಯವರು: ಡಾಕ್ಟರೇ, ಹೊಗೆಯ ವಿಷಯ ಕೇಳಿದ್ದೆ.