‘ಫೋರ್ ಸೀಸನ್ಸ್’ ಆದ ಮೇಲೆ ಏನು ಕೇಳಲಿ? ಬರೋಕ್ ವಯಲಿನ್ ಕಾನ್ಸರ್ಟೊ ಕೇಳುವವರ ಅನುಭವಗಳು

ಪ್ರಶ್ನೆ

ಚಿಕ್ಕಂದಿನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಶೈಲಿಯ ಪಿಟೀಲು ಕಲಿತವಳು ನಾನು. ವರ್ಣಗಳವರೆಗೆ ಬಂದು ನಿಂತುಹೋಯಿತು. ಈಗ ಕೆಲಸದ ಮೇಲೆ ಜರ್ಮನಿಗೆ ಹೊರಟಿದ್ದೇನೆ, ಕೋಲ್ನ್ ಹತ್ತಿರ ಇರುತ್ತೇನೆ. ಇಟಲಿಯ ವಿವಾಲ್ಡಿ ನಾಲ್ಕು ಋತುಗಳ ಮೇಲೆ ಬರೆದ ನಾಲ್ಕು ವಯಲಿನ್ ಕಾನ್ಸರ್ಟೊಗಳು, ‘ಫೋರ್ ಸೀಸನ್ಸ್’, ಅಂದರೆ ನನಗೆ ಪ್ರಾಣ. ಆ ಬರೋಕ್ ಕಾಲದ (ಸುಮಾರು 1600ರಿಂದ 1750) ವಯಲಿನ್ ಕಾನ್ಸರ್ಟೊಗಳಲ್ಲಿ, ಅಂದರೆ ಒಂದೋ ಹೆಚ್ಚೋ ವಯಲಿನ್ ಮುಂದೆ ನಿಂತು ತಂಡದ ಜೊತೆ ನುಡಿಸುವ, ಸಾಮಾನ್ಯವಾಗಿ ಮೂರು ಭಾಗಗಳ ಕೃತಿಗಳಲ್ಲಿ, ಮುಂದೆ ಏನು ಕೇಳಬೇಕು? ಈಗ ಯಾವ ತಂಡಗಳು ಚೆನ್ನಾಗಿ ನುಡಿಸುತ್ತವೆ? ಹಳೇ ಕಾಲದ ವಾದ್ಯಗಳಲ್ಲೇ ಕೇಳಬೇಕು ಅಂತ ಕೆಲವರು ಹೇಳುತ್ತಾರೆ. ಅದು ಅಷ್ಟು ಮುಖ್ಯವಾ? ಕೇಳಿ ಅನುಭವ ಇರುವವರು ದಯವಿಟ್ಟು ಹೇಳಿ.

ಕೋಲ್ನ್‌ನಿಂದ ಒಬ್ಬರು

ಮುಂದಕ್ಕೆ ಹೋಗುವ ಮೊದಲು ‘ಫೋರ್ ಸೀಸನ್ಸ್’ನಲ್ಲೇ ಇನ್ನೊಂದಿಷ್ಟು ದಿನ ಇರಿ. ಅದರಲ್ಲಿ ‘ಶರತ್ಕಾಲ’ದ ನಿಧಾನ ಭಾಗ ಇದೆಯಲ್ಲ, ಸುಗ್ಗಿಯಲ್ಲಿ ಕುಡಿದವರು ನಿದ್ದೆಗೆ ಜಾರುವುದು, ಅದನ್ನು ನಾಲ್ಕೈದು ತಂಡಗಳು ನುಡಿಸಿದ್ದನ್ನು ಸಾಲಾಗಿ ಕೇಳಿ. ಅಲ್ಲಿ ವಯಲಿನ್‌ಗೆ ಹಾಡಿನಂಥ ರಾಗವೇ ಇಲ್ಲ. ತಂತಿವಾದ್ಯಗಳೆಲ್ಲ ಮ್ಯೂಟ್ (ಸದ್ದು ತಗ್ಗಿಸುವ ಚಿಕ್ಕ ಕ್ಲಿಪ್) ಹಾಕಿಕೊಂಡು ಉದ್ದನೆಯ ಸ್ವರಗಳನ್ನು ಹಿಡಿದಿರುತ್ತವೆ. ಹಾರ್ಪ್ಸಿಕಾರ್ಡ್‌ಗೆ (ಪಿಯಾನೊಗಿಂತ ಹಳೆಯ, ತಂತಿ ಮೀಟುವ ಕೀಲಿಮಣೆ ವಾದ್ಯ) ವಿವಾಲ್ಡಿ ಬರೆದಿರುವುದು ಸ್ವರಗಳನ್ನು ಬಿಡಿಸಿ ನುಡಿಸು ಅನ್ನುವ ಸೂಚನೆ ಮಾತ್ರ. ಹೇಗೆ ಬಿಡಿಸಬೇಕು ಅನ್ನುವುದು ನುಡಿಸುವವರಿಗೆ ಬಿಟ್ಟದ್ದು. ಒಂದು ತಂಡದಲ್ಲಿ ಅದು ಬರೀ ಸ್ವರಗಳ ತೊಟ್ಟಿಕ್ಕುವಿಕೆ. ಇನ್ನೊಂದರಲ್ಲಿ ಹಾರ್ಪ್ಸಿಕಾರ್ಡ್ ನುಡಿಸುವವರು ಹೊಸದೊಂದು ಕಥೆಯನ್ನೇ ಹೇಳುತ್ತಾರೆ. ಒಂದೇ ಕೃತಿ ತಂಡದಿಂದ ತಂಡಕ್ಕೆ ಎಷ್ಟು ಬದಲಾಗುತ್ತದೆ ಅನ್ನುವುದು ನನಗೆ ಅರ್ಥವಾದದ್ದು ಇಲ್ಲಿ. ಅದಾದ ಮೇಲೆ ‘ಯಾವುದು ಬೆಸ್ಟ್ ರೆಕಾರ್ಡಿಂಗ್’ ಅಂತ ಹುಡುಕುವುದನ್ನೇ ಬಿಟ್ಟೆ. ಈಗ ಪ್ರತಿ ಕಾನ್ಸರ್ಟೊವನ್ನೂ ಕನಿಷ್ಠ ಎರಡು ತಂಡಗಳ ಕೈಯಲ್ಲಿ ಕೇಳುತ್ತೇನೆ.

ಹೋಲಿಸಿ ಕೇಳಲು ಕೆಲವು ಹೆಸರು. ಮಿಲಾನ್‌ನ ಇಲ್ ಜಾರ್ದಿನೊ ಆರ್ಮೋನಿಕೊ, 1985ರಲ್ಲಿ ಶುರುವಾದ ತಂಡ, ವಯಲಿನ್ ಎನ್ರಿಕೊ ಒನೋಫ್ರಿ. ಇವರ ‘ಚಳಿಗಾಲ’ ಕೇಳಿದರೆ ಹಲ್ಲು ಕಟಕಟ ಅನ್ನುತ್ತದೆ. ಫಾಬಿಯೊ ಬಿಯೊಂಡಿ ಅವರ ಯುರೋಪಾ ಗಲಾಂತೆ. ವೆನಿಸ್ ಬರೋಕ್ ಆರ್ಕೆಸ್ಟ್ರಾ ಜೊತೆ ಜುಲಿಯಾನೊ ಕಾರ್ಮಿಞೋಲಾ, ಅವರ ನಾದ ತುಂಬಾ ಹಾಡುಗಾರಿಕೆಯದು. ವಿಯೆನ್ನಾದ ಕಾನ್ಸೆಂಟಸ್ ಮ್ಯೂಸಿಕಸ್‌ನ 1977ರ ರೆಕಾರ್ಡಿಂಗನ್ನೂ ಬಿಡಬೇಡಿ, ಅದರಲ್ಲಿ ವಯಲಿನ್ ಆಲಿಸ್ ಹಾರ್ನೊಂಕೂರ್. ‘ವಸಂತ’ದ ನಿಧಾನ ಭಾಗದಲ್ಲಿ ವಿಯೋಲಾ (ವಯಲಿನ್‌ಗಿಂತ ತುಸು ದೊಡ್ಡ, ತಗ್ಗು ದನಿಯ ವಾದ್ಯ) ನಾಯಿಯ ಹಾಗೆ ಬೊಗಳಬೇಕು, ಯಾವಾಗಲೂ ಜೋರಾಗಿ, ಒರಟಾಗಿ ನುಡಿಸಬೇಕು ಅಂತ ವಿವಾಲ್ಡಿಯೇ ಬರೆದಿದ್ದಾನೆ. ಕೆಲವು ತಂಡಗಳು ಅದನ್ನು ಮೆತ್ತಗೆ ದಾಟಿಸಿಬಿಡುತ್ತವೆ. ನನಗೆ ನಾಯಿ ಬೊಗಳಲೇಬೇಕು.

ಮುಂದಿನ ಹೆಜ್ಜೆ ವಿವಾಲ್ಡಿಯದೇ ‘ಲೆಸ್ಟ್ರೊ ಆರ್ಮೋನಿಕೊ’. 1711ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ಹನ್ನೆರಡು ಕಾನ್ಸರ್ಟೊಗಳು. ನಾಲ್ಕು ಒಂಟಿ ವಯಲಿನ್‌ಗೆ, ನಾಲ್ಕು ಎರಡು ವಯಲಿನ್‌ಗಳಿಗೆ, ನಾಲ್ಕು ನಾಲ್ಕು ವಯಲಿನ್‌ಗಳಿಗೆ. ಇವುಗಳಲ್ಲಿ ಆರನ್ನು ಜರ್ಮನಿಯ ರಚನಕಾರ ಬಾಖ್ ಕೀಲಿಮಣೆ ವಾದ್ಯಗಳಿಗೆ ಹೊಂದಿಸಿಕೊಂಡ. ಹತ್ತನೆಯದು, ನಾಲ್ಕು ವಯಲಿನ್‌ಗಳ ಬಿ ಮೈನರ್ (ಇದು ಕೃತಿಯ ಸ್ವರಶ್ರೇಣಿಯ ಹೆಸರು) ಕಾನ್ಸರ್ಟೊ, ಅವನ ಕೈಯಲ್ಲಿ ನಾಲ್ಕು ಹಾರ್ಪ್ಸಿಕಾರ್ಡ್‌ಗಳ ಕಾನ್ಸರ್ಟೊ ಆಯಿತು. ಎರಡನ್ನೂ ಒಂದೇ ಸಂಜೆ ಕೇಳಿ ನೋಡಿ. ಕಾನ್ಸರ್ಟೊ ಬರೆಯುವುದನ್ನು ಬಾಖ್ ಎಲ್ಲಿಂದ ಕಲಿತ ಅನ್ನುವುದಕ್ಕೆ ಬೇರೆ ಪಾಠ ಬೇಡ.

ಆಮೇಲೆ ಬಾಖ್‌ನ ಮೂರು: ಎ ಮೈನರ್, ಇ ಮೇಜರ್, ಮತ್ತು ಎರಡು ವಯಲಿನ್‌ಗಳ ಡಿ ಮೈನರ್. ಈ ಕೊನೆಯದರ ನಿಧಾನ ಭಾಗದಲ್ಲಿ ಇಬ್ಬರೂ ಸಮಾನರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ರೇಚಲ್ ಪಾಡ್ಜರ್ ಮತ್ತು ಆಂಡ್ರೂ ಮಾಂಜ್ ಅಕಾಡೆಮಿ ಆಫ್ ಏನ್ಷಿಯಂಟ್ ಮ್ಯೂಸಿಕ್ ಜೊತೆ ನುಡಿಸಿದ್ದು ನನ್ನ ಆಯ್ಕೆ. ಇಸಬೆಲ್ ಫೌಸ್ಟ್ ಬರ್ಲಿನ್‌ನ ಅಕಾಡೆಮಿ ಫ್ಯೂರ್ ಆಲ್ಟೆ ಮ್ಯೂಸಿಕ್ ಜೊತೆ ನುಡಿಸಿದ್ದು ಅಷ್ಟೇ ಚೆನ್ನ, ಆದರೆ ಅದರ ಗುಣ ಬೇರೆ.

ಮೈಸೂರಿನಿಂದ, ಕರ್ನಾಟಕ ಸಂಗೀತದ ಹಳೇ ಕೇಳುಗರು

ನೀವು ಪಿಟೀಲು ಕಲಿತವರಮ್ಮ, ನಿಮಗೆ ಇದು ದೂರದ ಸಂಗೀತವೇನಲ್ಲ. ಕಾನ್ಸರ್ಟೊದ ವೇಗದ ಭಾಗಗಳಲ್ಲಿ ಇಡೀ ತಂಡ ಒಂದು ಸಾಲನ್ನು ನುಡಿಸುತ್ತದೆ, ವಯಲಿನ್ ತನ್ನ ದಾರಿಯಲ್ಲಿ ಹೋಗುತ್ತದೆ, ಮತ್ತೆ ತಂಡ ಅದೇ ಸಾಲಿಗೆ ಬರುತ್ತದೆ. ಪಲ್ಲವಿಗೆ ಮರಳಿದ ಹಾಗೆ. ಇದಕ್ಕೆ ಅವರು ರಿಟೊರ್ನೆಲ್ಲೊ ಅನ್ನುತ್ತಾರೆ. ಒಂದು ವ್ಯತ್ಯಾಸ ಗಮನಿಸಿ: ಪ್ರತಿ ಸಲ ಮರಳುವಾಗ ಸಾಲು ಹೆಚ್ಚಾಗಿ ಬೇರೆ ಶ್ರುತಿಯಲ್ಲಿ ಇರುತ್ತದೆ, ಕೊನೆಗೆ ಮಾತ್ರ ಮೊದಲಿನ ಮನೆಗೆ ಬರುತ್ತದೆ. ನಮ್ಮ ಕಿವಿ ಷಡ್ಜ ಬದಲಾಗದ ಸಂಗೀತಕ್ಕೆ ಒಗ್ಗಿದೆ. ಹಾಗಾಗಿ ನನಗೆ ಮೊದಮೊದಲು ನೆಲವೇ ಸಿಗುತ್ತಿರಲಿಲ್ಲ. ತಂಬೂರಿಯನ್ನು ಮನಸ್ಸಿನಿಂದ ತೆಗೆದಿಟ್ಟು, ಕೆಳಗಿನ ಚೆಲ್ಲೊ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಎಲ್ಲಿಗೆ ನಡೆಯುತ್ತಿದೆ ಅಂತ ಹಿಂಬಾಲಿಸಿದರೆ ದಾರಿ ಸಿಗುತ್ತದೆ.

ನಿಧಾನ ಭಾಗಗಳ ಬಗ್ಗೆ ಇನ್ನೊಂದು ಮಾತು. ಕಾಗದದ ಮೇಲೆ ಎಷ್ಟೋ ಸಲ ಬರೀ ಉದ್ದ ಸ್ವರಗಳು ಇರುತ್ತವೆ. ಇಟಲಿಯ ಶೈಲಿಯಲ್ಲಿ ನುಡಿಸುವವರು ಅದನ್ನು ತಾವೇ ತುಂಬಬೇಕಿತ್ತು. ಡ್ರೆಸ್ಡೆನ್‌ನ ಪಿಸೆಂಡೆಲ್ ಅನ್ನುವ ವಯಲಿನ್ ವಾದಕ 1716ರ ಸುಮಾರಿಗೆ ವೆನಿಸ್‌ಗೆ ಹೋಗಿ ವಿವಾಲ್ಡಿ ಹತ್ತಿರ ಕಲಿತ. ವಿವಾಲ್ಡಿ ಅವನಿಗಾಗಿಯೇ ಕಾನ್ಸರ್ಟೊಗಳನ್ನು ಬರೆದುಕೊಟ್ಟ. ನಿಧಾನ ಭಾಗಗಳಿಗೆ ಪಿಸೆಂಡೆಲ್ ಬರೆದುಕೊಂಡ ಅಲಂಕಾರಗಳು ಇಂದಿಗೂ ಉಳಿದಿವೆ. ಅದನ್ನು ತಿಳಿದ ಮೇಲೆ ನಾನು ಕೇಳುವ ರೀತಿಯೇ ಬದಲಾಯಿತು. ಒಬ್ಬರು ಒಂದೇ ಭಾಗವನ್ನು ಎರಡು ಕಛೇರಿಗಳಲ್ಲಿ ಎರಡು ಥರ ತುಂಬಬಹುದು ಅಂದರೆ ಎಷ್ಟು ಸಂತೋಷ ಅಲ್ವಾ?

ಬೆಂಗಳೂರಿನಲ್ಲಿ ಪಾಶ್ಚಾತ್ಯ ವಯಲಿನ್ ಕಲಿಸುವವರು

ಹಳೇ ವಾದ್ಯಗಳ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮುಖ್ಯ ಹೌದು. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಕಮಾನು. ಬರೋಕ್ ಕಮಾನು ಗಿಡ್ಡ, ಹಗುರ, ಕಡ್ಡಿ ಹೊರಕ್ಕೆ ಬಾಗಿರುತ್ತದೆ. ಒಂದು ಎಳೆತದಲ್ಲಿ ಸದ್ದು ತಾನಾಗಿ ಹುಟ್ಟಿ, ಉಬ್ಬಿ, ಇಳಿಯುತ್ತದೆ. ಮಾತಿನ ಉಚ್ಚಾರದ ಹಾಗೆ ಸ್ವರಗಳು ಬಿಡಿಬಿಡಿಯಾಗಿ ಬರುತ್ತವೆ. ಈಗಿನ ಕಮಾನು ತೂರ್ತ್ ಎಂಬ ಫ್ರೆಂಚ್ ಕುಶಲಕರ್ಮಿಯ ಕಾಲದ್ದು, ಅಂದರೆ 18ನೇ ಶತಮಾನದ ಕೊನೆಯದು. ಅದು ಉದ್ದನೆಯ, ಒಂದೇ ಸಮನಾದ ಎಳೆತಕ್ಕೆ ಹೇಳಿಮಾಡಿಸಿದ್ದು. ಇನ್ನು ತಂತಿ. ಕುರಿಯ ಕರುಳಿನ ತಂತಿಗೆ ಬಿಸಿ ಇದೆ, ಸ್ವಲ್ಪ ಒರಟು ಇದೆ. ತೇವ ಜಾಸ್ತಿಯಾದರೆ ಶ್ರುತಿ ಹೋಗುತ್ತದೆ. ಹಾಗಾಗಿ ಭಾಗಗಳ ನಡುವೆ ಶ್ರುತಿ ಮಾಡಿಕೊಳ್ಳುವುದನ್ನು ನೋಡುತ್ತೀರಿ. ಶ್ರುತಿಯೂ ಕೆಳಗೆ: ಈಗಿನ ಎ ಸ್ವರ 440 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಇದ್ದರೆ, ಈ ತಂಡಗಳಲ್ಲಿ ಸಾಮಾನ್ಯವಾಗಿ 415, ಅಂದರೆ ಸುಮಾರು ಅರ್ಧ ಸ್ವರ ಕಡಿಮೆ. ವೆನಿಸ್‌ನ ಸಂಗೀತಕ್ಕೆ 440 ಇಟ್ಟುಕೊಳ್ಳುವ ತಂಡಗಳೂ ಇವೆ. ಗಲ್ಲದ ಆಸರೆಯೂ ಇರುವುದಿಲ್ಲ, ವಾದ್ಯ ಭುಜದ ಎಲುಬಿನ ಮೇಲೆ ಕೂತಿರುತ್ತದೆ.

ಇಷ್ಟೆಲ್ಲ ಹೇಳಿದರೂ ಈಗಿನ ವಾದ್ಯಗಳ ತಂಡಗಳನ್ನು ತಳ್ಳಿಹಾಕುವವರ ಜೊತೆ ನಾನು ಒಪ್ಪುವುದಿಲ್ಲ. ರೋಮ್‌ನ ಇ ಮ್ಯೂಸಿಚಿ ತಂಡ 1955ರಲ್ಲಿ ಫೆಲಿಕ್ಸ್ ಆಯೊ ಅವರ ವಯಲಿನ್‌ನೊಂದಿಗೆ ‘ಫೋರ್ ಸೀಸನ್ಸ್’ ರೆಕಾರ್ಡ್ ಮಾಡಿತು. ವಿವಾಲ್ಡಿಯನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದವರಲ್ಲಿ ಅವರದು ದೊಡ್ಡ ಪಾಲು. ವಿವಾಲ್ಡಿಯ ಹಸ್ತಪ್ರತಿಗಳ ದೊಡ್ಡ ಸಂಗ್ರಹ 1920ರ ದಶಕದಲ್ಲಿ ಸಿಕ್ಕಿ ತುರಿನ್‌ನ ಲೈಬ್ರರಿ ಸೇರುವವರೆಗೆ ಅವನ ಎಷ್ಟೋ ಸಂಗೀತ ಕತ್ತಲಲ್ಲೇ ಇತ್ತು. ಇ ಮ್ಯೂಸಿಚಿಯ ನಾದದಲ್ಲಿ ಒಂದು ದುಂಡುತನ ಇದೆ. ನನ್ನ ವಿದ್ಯಾರ್ಥಿಗಳಿಗೆ ಅದನ್ನೂ ಕೇಳಿಸುತ್ತೇನೆ.

ನಿಮಗೆ ಕೈಯಾಡಿಸುವ ಆಸೆ ಇದ್ದರೆ ವಿವಾಲ್ಡಿಯ ಎ ಮೈನರ್ ಹಿಡಿಯಿರಿ, ‘ಲೆಸ್ಟ್ರೊ’ದ ಆರನೆಯದು. ಸುಜುಕಿ ಪದ್ಧತಿಯಲ್ಲಿ ಕಲಿಯುವ ಮಕ್ಕಳು ನಾಲ್ಕನೇ ಪುಸ್ತಕದಲ್ಲಿ ಅದನ್ನೇ ನುಡಿಸುತ್ತಾರೆ. ಕೂತು ನುಡಿಸಿ ಅಭ್ಯಾಸ ಇರುವವರಿಗೆ ನಿಂತು ಹಿಡಿಯುವುದು ಕಷ್ಟ, ಒಬ್ಬರು ಗುರು ಬೇಕೇ ಬೇಕು.

ಲಂಡನ್‌ನಿಂದ

ಪಾಡ್ಜರ್ ಹೆಸರು ಬಂತು, ಖುಷಿಯಾಯಿತು. ಪೋಲೆಂಡ್‌ನ ಆರ್ಟೆ ದೇಯಿ ಸುವೊನಾತೊರಿ ಜೊತೆ ಅವರು ಮಾಡಿದ ವಿವಾಲ್ಡಿಯ ‘ಲಾ ಸ್ಟ್ರಾವಗಾಂಜಾ’ ಎಂಬ ವಯಲಿನ್ ಕಾನ್ಸರ್ಟೊಗಳ ಸಂಗ್ರಹವನ್ನು ಹುಡುಕಿ ಕೇಳಿ. ಅವರದೇ ಬ್ರೆಕನ್ ಬರೋಕ್ ಪುಟ್ಟ ತಂಡ. ಒಂದು ಸಾಲಿಗೆ ಒಬ್ಬರೇ ಇರುವ ಹಾಗೆ ನುಡಿಸುವಾಗ ಪ್ರತಿ ಎಳೆಯೂ ಕೇಳುತ್ತದೆ. ಈ ಸಂಗೀತಕ್ಕೆ ದೊಡ್ಡ ಗುಂಪಿಗಿಂತ ಇದೇ ಸರಿ ಅಂತ ನನಗೆ ಬಲವಾಗಿ ಅನಿಸುತ್ತದೆ.

ದುಡ್ಡು ಖರ್ಚಿಲ್ಲದೆ ನೋಡುವುದಕ್ಕೆ ನೆದರ್‌ಲೆಂಡ್ಸ್ ಬಾಖ್ ಸೊಸೈಟಿಯ ವಿಡಿಯೊಗಳಿವೆ. ಬಾಖ್‌ನ ಎಲ್ಲ ಕೃತಿಗಳನ್ನೂ ಒಂದೊಂದಾಗಿ ಚಿತ್ರೀಕರಿಸುತ್ತಾ ಬಂದಿದ್ದಾರೆ. ಅವುಗಳಲ್ಲಿ ವಯಲಿನ್ ನುಡಿಸುವ ಶುನ್ಸುಕೆ ಸಾಟೊ ಅವರ ಬಲಗೈ ನೋಡಿ, ಮೇಲೆ ಹೇಳಿದ ಕಮಾನಿನ ಮಾತು ಕಣ್ಣಿಗೇ ಕಾಣುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ವಾಯ್ಸಸ್ ಆಫ್ ಮ್ಯೂಸಿಕ್ ತಂಡದ ವಿಡಿಯೊಗಳೂ ಯೂಟ್ಯೂಬ್‌ನಲ್ಲಿ ಧಾರಾಳವಾಗಿವೆ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ‘ಶರತ್ಕಾಲ’ವನ್ನು ಮೂರು ತಂಡಗಳಲ್ಲಿ ಕೇಳಿದೆ, ಒಂದೇ ಕೃತಿ ಅಂತ ನಂಬುವುದೇ ಕಷ್ಟ! ಇನ್ನೆರಡು ಪ್ರಶ್ನೆ. ಜರ್ಮನಿಯಲ್ಲಿ ಎದುರು ಕೂತು ಕೇಳಲು ಯಾರನ್ನು ಹುಡುಕಲಿ? ವೆನಿಸ್, ವಿಯೆನ್ನಾದಲ್ಲಿ ಪ್ರವಾಸಿಗರಿಗೆ ದಿನಾ ‘ಫೋರ್ ಸೀಸನ್ಸ್’ ನುಡಿಸುತ್ತಾರಂತೆ, ಹೋಗಬಹುದಾ?

ಕೋಲ್ನ್‌ನಿಂದ ಒಬ್ಬರು

ನಿಮ್ಮೂರಲ್ಲೇ ಕಾನ್ಸೆರ್ಟೊ ಕೋಲ್ನ್ ಅನ್ನುವ ತಂಡ ಇದೆ, 1985ರಿಂದ. ರೈಲಿನಲ್ಲಿ ಹೋಗುವಷ್ಟು ದೂರದಲ್ಲಿ ಫ್ರೈಬುರ್ಗ್ ಬರೋಕ್ ಆರ್ಕೆಸ್ಟ್ರಾ. 1987ರಲ್ಲಿ ಅಲ್ಲಿನ ಸಂಗೀತ ವಿದ್ಯಾರ್ಥಿಗಳು ಕಟ್ಟಿದ್ದು. ಎಷ್ಟೋ ಸಲ ಮುಂದೆ ನಿಂತು ಕೈ ಬೀಸುವವರೇ ಇರುವುದಿಲ್ಲ, ಮೊದಲ ವಯಲಿನ್‌ನವರೇ ನುಡಿಸುತ್ತಾ ನಡೆಸುತ್ತಾರೆ. ಅವರು ಒಬ್ಬರನ್ನೊಬ್ಬರು ನೋಡಿಕೊಂಡು ಉಸಿರು ಸೇರಿಸುವುದನ್ನು ನೋಡಲಿಕ್ಕಾದರೂ ಮುಂದಿನ ಸಾಲಿನಲ್ಲಿ ಕೂರಬೇಕು. ಬರ್ಲಿನ್‌ನ ಅಕಾಡೆಮಿ 1982ರಲ್ಲಿ, ಗೋಡೆ ಇನ್ನೂ ಇದ್ದಾಗ, ಪೂರ್ವ ಬರ್ಲಿನ್‌ನಲ್ಲಿ ಹುಟ್ಟಿದ್ದು. ಜೂನ್‌ನಲ್ಲಿ ಲೈಪ್‌ಜಿಗ್‌ನಲ್ಲಿ ಬಾಖ್ ಉತ್ಸವ ನಡೆಯುತ್ತದೆ, ಆಗ ಹೋದರೆ ಹಲವು ತಂಡಗಳು ಒಟ್ಟಿಗೆ ಸಿಗುತ್ತವೆ. ಬಾಖ್ 1729ರಿಂದ ಅಲ್ಲಿ ಒಂದು ಹವ್ಯಾಸಿ ಸಂಗೀತಗಾರರ ತಂಡ ನಡೆಸಿದ, ಅವರು ನುಡಿಸುತ್ತಿದ್ದದ್ದು ಜಿಮ್ಮರ್‌ಮನ್ ಎಂಬವನ ಕಾಫಿ ಅಂಗಡಿಯಲ್ಲಿ. ಆ ಕಟ್ಟಡ ಎರಡನೇ ಮಹಾಯುದ್ಧದ ಬಾಂಬಿಗೆ ಹೋಯಿತು.

ಟಿಕೆಟ್ ಬೇಗ ತೆಗೆದುಕೊಳ್ಳಿ, ಸಣ್ಣ ಸಭಾಂಗಣ ಆರಿಸಿ. ಭಾಗಗಳ ನಡುವೆ ಚಪ್ಪಾಳೆ ತಟ್ಟುವುದಿಲ್ಲ, ಮೂರೂ ಮುಗಿದ ಮೇಲೆ ತಟ್ಟಿ. ನಮ್ಮ ಕಛೇರಿಗಳ ಹಾಗೆ ತಾಳ ಹಾಕುವ ಆಸೆಯನ್ನು ಸ್ವಲ್ಪ ತಡೆದುಕೊಳ್ಳಬೇಕು.

ಲಂಡನ್‌ನಿಂದ

ಪ್ರವಾಸಿ ಕಛೇರಿಗಳಿಗೆ ಹೋಗಿ, ಆದರೆ ಯಾರು ನುಡಿಸುತ್ತಿದ್ದಾರೆ ಅಂತ ನೋಡಿಕೊಂಡು ಹೋಗಿ. ವಿಗ್ ಮತ್ತು ರೇಷ್ಮೆ ಅಂಗಿಗೂ ನಾದಕ್ಕೂ ಸಂಬಂಧ ಇಲ್ಲ. ವೆನಿಸ್‌ನಲ್ಲಿ ‘ವಿವಾಲ್ಡಿಯ ಚರ್ಚ್’ ಅಂತ ತೋರಿಸುವ ಪಿಯೆತಾ ಚರ್ಚ್ ಕಟ್ಟಿದ್ದು ಅವನು ಸತ್ತ ಮೇಲೆ. ಅವನು 1703ರಿಂದ ಕಲಿಸಿದ್ದು ಪಕ್ಕದ ಅನಾಥಾಲಯದ ಹುಡುಗಿಯರಿಗೆ. ಅವರಲ್ಲಿ ಅನ್ನಾ ಮರಿಯಾ ಎಂಬವಳು ಯುರೋಪಿಗೇ ಹೆಸರಾದ ವಯಲಿನ್ ವಾದಕಿ, ಅವಳಿಗೆಂದೇ ಅವನು ಕಾನ್ಸರ್ಟೊಗಳನ್ನು ಬರೆದ. ವಿಯೆನ್ನಾದ ಕಾರ್ಲ್ಸ್‌ಕಿರ್ಶೆ ಚರ್ಚ್‌ನಲ್ಲಿ ಕೇಳುವುದಾದರೆ, 1741ರಲ್ಲಿ ವಿವಾಲ್ಡಿಯನ್ನು ಮಣ್ಣು ಮಾಡಿದ ಸ್ಮಶಾನ ಅದರ ಪಕ್ಕದಲ್ಲೇ ಇತ್ತು.

ಬೆಂಗಳೂರಿನಲ್ಲಿ ಪಾಶ್ಚಾತ್ಯ ವಯಲಿನ್ ಕಲಿಸುವವರು

ಒಂದು ಹೆಸರು ಯಾರೂ ಹೇಳಲಿಲ್ಲ: ಇಟಲಿಯ ವಯಲಿನ್ ವಾದಕ, ರಚನಕಾರ ಲೊಕಾಟೆಲ್ಲಿ. 1733ರ ‘ವಯಲಿನ್ ಕಲೆ’ ಸಂಗ್ರಹದಲ್ಲಿ ಹನ್ನೆರಡು ಕಾನ್ಸರ್ಟೊ, ಪ್ರತಿಯೊಂದರ ಮೊದಲ ಮತ್ತು ಕೊನೆಯ ಭಾಗಕ್ಕೆ ಒಂಟಿ ವಯಲಿನ್‌ನ ಒಂದೊಂದು ಕ್ಯಾಪ್ರಿಸ್ (ಕೈಚಳಕ ತೋರಿಸುವ ತುಣುಕು), ಒಟ್ಟು 24. ಬೆರಳು ಎಲ್ಲಿಯವರೆಗೆ ಹೋಗಬಹುದು ಅನ್ನುವುದನ್ನು ಅವನು ಹಿಗ್ಗಿಸಿಬಿಟ್ಟ. ಎಲಿಜಬೆತ್ ವಾಲ್‌ಫಿಶ್ ಇಡೀ ಸಂಗ್ರಹವನ್ನು ರ್‍ಯಾಗ್ಲನ್ ಬರೋಕ್ ಪ್ಲೇಯರ್ಸ್ ಜೊತೆ ರೆಕಾರ್ಡ್ ಮಾಡಿದ್ದಾರೆ. ಬಾಖ್ ಆದ ಮೇಲೆ ಕೇಳಿ.

ಮೈಸೂರಿನವರು ಹೇಳಿದ ಪಿಸೆಂಡೆಲ್ ಕಾಲದ ಹಸ್ತಪ್ರತಿಗಳು ಡ್ರೆಸ್ಡೆನ್‌ನ ರಾಜ್ಯ ಲೈಬ್ರರಿಯಲ್ಲಿವೆ, ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಸ್ಟಾಫ್ ನೊಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಸ್ವಲ್ಪ ಓದಲು ಬಂದರೂ ಸಾಕು, ಕೇಳುವಾಗ ಪುಟ ತೆರೆದಿಟ್ಟುಕೊಳ್ಳಿ.